ದಿಲ್ಲಿ ದಾರಿಯ ಮಡಿಕೆ

ಬೆಂಗಳೂರಿನಿಂದ ದಿಲ್ಲಿಗೆ ಎಷ್ಟು ದೂರ ಎಂದು ತೊರೆಬಸಾಪುರದಲ್ಲಿ ಯಾರನ್ನಾದರೂ ಕೇಳಿ ನೋಡಿ. ಬೇರೆ ಊರಿನವರಾದರೆ ಸಾವಿರದ ಏಳುನೂರು ಚಿಲ್ಲರೆ ಕಿಲೋಮೀಟರು, ವಿಮಾನದಲ್ಲಿ ಎರಡೂಮುಕ್ಕಾಲು ತಾಸು ಎಂದು ಹೇಳಿ ತಮ್ಮ ಕೆಲಸಕ್ಕೆ ಹೋಗುತ್ತಾರೆ. ತೊರೆಬಸಾಪುರದವರು ಹಾಗಲ್ಲ. ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ಊರ ಹಿಂದಿನ ಗುಡ್ಡದ ಕಡೆಗೊಮ್ಮೆ ನೋಡಿ, "ಯಾರ ಲೆಕ್ಕದಾಗ ಹೇಳ್ಲಿ? ನಮ್ಮ ಲೆಕ್ಕದಾಗೋ, ಒಳಗಿದ್ದವರ ಲೆಕ್ಕದಾಗೋ?" ಎಂದು ಕೇಳುತ್ತಾರೆ.

ಆ ಗುಡ್ಡ ಯಾದಗಿರಿ ಸೀಮೆಯ ಉಳಿದ ಗುಡ್ಡಗಳಂತೆಯೇ ಬಂಡೆಗಳ ರಾಶಿ. ಶಿವನು ಲೋಕ ಕಟ್ಟಿ ಮುಗಿಸಿದ ಮೇಲೆ ಮಿಕ್ಕ ಕಲ್ಲನ್ನು ಇಲ್ಲಿ ಸುರಿದು ಕೈ ಝಾಡಿಸಿಕೊಂಡು ಹೋದ ಎಂದು ಹಿರಿಯರು ಹೇಳುತ್ತಾರೆ. ಅದರ ನೆತ್ತಿಯ ಮೇಲೆ ಸರ್ಕಾರದವರು ಒಂದು ಬಿಳಿಯ ಕಟ್ಟಡ ಕಟ್ಟಿದರು. ಹೆಸರು ಮಡಿಕೆ ಕೇಂದ್ರ.

ಕಟ್ಟಡದ ಕೆಲಸ ಹೇಳುವುದು ಸುಲಭ, ನಂಬುವುದು ಕಷ್ಟ. ಅಲ್ಲಿ ಮುಖ್ಯ ಎಂಜಿನಿಯರ್ ಆಗಿ ಬಂದ ಸುಗಲಾ ಅದೇ ಊರಿನ ಮಗಳು. ಆಕೆ ಒಂದು ದಿನ ಅವ್ವನ ಇಳಕಲ್ ಸೀರೆಯನ್ನು ಕಟ್ಟೆಯ ಮೇಲೆ ಹಾಸಿ ತೋರಿಸಿದಳು. "ನೋಡವ್ವಾ, ಈ ಅಂಚು ನಮ್ಮ ಗುಡ್ಡದ ಮ್ಯಾಲಿನ ಆಕಾಶ. ಆ ಅಂಚು ದಿಲ್ಲಿ ಹತ್ರದ್ದು. ಹಿಂಗ ಮಡಚಿದ್ರ ಎರಡೂ ಅಂಚು ಕೂಡ್ತಾವ. ಬೆಂಗಳೂರಿನಿಂದ ಬಂದ ವಿಮಾನ ಈ ಅಂಚಿನಿಂದ ಆ ಅಂಚಿಗಿ ದಾಟಿಬಿಡ್ತದ. ನಡುವಿನ ಸೀರಿ ಮಡಿಕಿ ಒಳಗೇ ಉಳೀತದ."

ತಂಗಿ ಮಹಾನಂದಾ ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದಳು. ಆಕೆ ವಿಮಾನದ ಪೈಲಟ್. "ಯವ್ವಾ, ಮಡಿಕಿ ಅಂದ್ರ ಮಣ್ಣಿನ ಮಡಿಕಿ ಅಂತ ತಿಳಕೊಂಡೀಯೇನ ಮತ್ತ?"

"ಹೌದಲ್ಲ," ಎಂದಳು ಅವ್ವ ಬಸಲಿಂಗಮ್ಮ, "ಇಮಾನ ಹೊಕ್ಕರ ಒಡೀತದೇನೋ ಅಂತಿದ್ದೆ. ನಿನ್ನಂಥಾ ಉಡಾಳಿ ಕೈಯಾಗ ಕೊಟ್ಟಾರ ಬ್ಯಾರೆ."

ಆ ದಾರಿ ಐದಾರು ವರ್ಷ ಚೆನ್ನಾಗಿ ನಡೆಯಿತು. ಬೆಂಗಳೂರಿನಲ್ಲಿ ಉಪ್ಪಿಟ್ಟು ತಿಂದವರು ಅದು ಹೊಟ್ಟೆಯಲ್ಲಿ ಬಿಸಿಯಾಗಿರುವಾಗಲೇ ದಿಲ್ಲಿಯಲ್ಲಿ ಇಳಿಯುತ್ತಿದ್ದರು. ದಿಲ್ಲಿಯ ಹೆಣ್ಣು ನೋಡಿಕೊಂಡು ಸಂಜೆಗೆ ವಾಪಸ್ಸು ಬಂದು, ಒಪ್ಪಿಗೆಯಿಲ್ಲ ಎಂದು ಫೋನು ಮಾಡುತ್ತಿದ್ದರು. ದಿಲ್ಲಿಗೆ ಹೋಗಿದ್ದೆ ಎಂದರೆ ಒಂದು ಕಾಲಕ್ಕೆ ಎದ್ದು ಕುರ್ಚಿ ಕೊಡುತ್ತಿದ್ದ ಜನ, ಈಗ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಮಡಿಕೆಯೊಳಗೆ ಇರುವುದು ಒಂದೆರಡು ನಿಮಿಷ. ಕಿಟಕಿಯ ಹೊರಗೆ ಹಾಲಿನಂಥ ಬೆಳಕು. ಕೆಲವರು ಕಣ್ಣು ಮುಚ್ಚಿ ದೇವರ ಹೆಸರು ಹೇಳಿಕೊಳ್ಳುತ್ತಿದ್ದರು, ಹೆಚ್ಚಿನವರು ಗೋಡಂಬಿ ತಿನ್ನುತ್ತಿದ್ದರು.

ಒಂದು ಮಧ್ಯಾಹ್ನ ಮಡಿಕೆ ತಾನಾಗಿಯೇ ಬಿಗಿಯಿತು. ಏಕೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಎರಡೂ ಕಡೆಯ ಬಾಯಿ ಮುಚ್ಚಿಕೊಂಡವು. ಒಳಗೆ ಒಂದು ವಿಮಾನವಿತ್ತು. ಅದನ್ನು ನಡೆಸುತ್ತಿದ್ದವಳು ಮಹಾನಂದಾ.

ಒಂದು ಪತ್ರಿಕೆ ಅವರನ್ನು 'ಮಡಿದವರು' ಎಂದು ಬರೆಯಿತು. ಮರುದಿನ ತಿದ್ದಿಕೊಂಡು 'ಮಡಿಕೆಯವರು' ಎಂದು ಬರೆಯಿತು. ಎರಡಕ್ಕೂ ಇರುವ ಅಂತರ ಒಂದೆರಡು ಅಕ್ಷರದ್ದು. ಕೇಂದ್ರದವರು ಆ ಅಂತರವನ್ನು ಅಳೆಯುತ್ತ ವರ್ಷಗಟ್ಟಲೆ ಕೂತರು.

ವಿಮಾನ ಇದೆ ಎಂದು ಯಂತ್ರಗಳು ಹೇಳುತ್ತಿದ್ದವು. ಒಡೆದಿಲ್ಲ, ಆರಿಲ್ಲ, ಒಳಗಿನವರು ಬದುಕಿದ್ದಾರೆ. ಆದರೆ ಬಿಗಿದ ಮಡಿಕೆಯಲ್ಲಿ ಕಾಲ ಹೆಪ್ಪುಗಟ್ಟಿದಂತೆ ನಿಧಾನವಾಗಿತ್ತು. ನಮ್ಮ ಒಂದು ಮುಂಗಾರಿನಿಂದ ಇನ್ನೊಂದು ಮುಂಗಾರು ಬರುವ ಹೊತ್ತಿಗೆ ಅಲ್ಲಿ ಬಾಯಿಂದ ಒಂದು ಅಕ್ಷರ ಹೊರಡುವಷ್ಟು ಹೊತ್ತು. ಮಹಾನಂದಾ ಒಮ್ಮೆ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಅವಳ ಅವ್ವನ ಕಣ್ಣಿಗೆ ಪೊರೆ ಬಂದು, ಕಲಬುರಗಿಗೆ ಹೋಗಿ ತೆಗೆಸಿಕೊಂಡದ್ದೂ ಆಯಿತು.

ಅವರನ್ನು ಹೊರಗೆ ತರಲು ದಾರಿಯಿತ್ತು. ಗುಡ್ಡದ ಮೇಲಿನ ದಕ್ಷಿಣದ ಬಾಯಿಯನ್ನೋ ದಿಲ್ಲಿ ಕಡೆಯ ಉತ್ತರದ ಬಾಯಿಯನ್ನೋ, ಎರಡರಲ್ಲಿ ಒಂದನ್ನು ತೆರೆಯಬಹುದಿತ್ತು. ಒಂದನ್ನು ತೆರೆದರೆ ಅದು ತೆರೆದೇ ಇರುತ್ತದೆ, ಇನ್ನೊಂದು ಮತ್ತೆಂದೂ ತೆರೆಯದಂತೆ ಹೊಲಿದುಹೋಗುತ್ತದೆ. ವಿಮಾನದ ಮೂಗು ಯಾವ ಕಡೆಗಿದೆಯೋ ಆ ಬಾಯಿಯನ್ನೇ ತೆರೆಯಬೇಕು. ಬೆನ್ನ ಹಿಂದಿನ ಬಾಯಿ ತೆರೆದರೆ ಮಡಿಕೆ ಬಿಚ್ಚಿ ಒಳಗಿನದೆಲ್ಲ ಹರಿದುಹೋಗುತ್ತದೆ. ಅಪಾಯ ಕಂಡರೆ ವಿಮಾನವನ್ನು ಹಿಂದಕ್ಕೆ ತಿರುಗಿಸಬಹುದು, ಇಲ್ಲವೇ ಮುಂದಕ್ಕೇ ಒಯ್ಯಬಹುದು ಎಂದು ಪೈಲಟ್‌ಗಳಿಗೆ ಅಧಿಕಾರ ಕೊಡಲಾಗಿತ್ತು. ಮಹಾನಂದಾ ತಿರುಗಿಸಿದ್ದಾಳೋ ಇಲ್ಲವೋ ಎಂದು ಹೊರಗಿನಿಂದ ನೋಡುವ ಯಾವ ಉಪಾಯವೂ ಇರಲಿಲ್ಲ.

ತಿರುಗಿಸಿದ್ದರೆ ದಕ್ಷಿಣದ ಬಾಯಿ ಅವಳಿಗೆ ಒಂದು ಉಸಿರಿನ ದೂರ. ಬಸಲಿಂಗಮ್ಮ ಇನ್ನೂ ಹತ್ತು ಹದಿನೈದು ವರ್ಷ ಬದುಕಿದರೆ ಮಗಳ ಮುಖ ನೋಡಬಹುದು. ಮುಂದಕ್ಕೆ ಹೊರಟಿದ್ದರೆ ಉತ್ತರದ ಬಾಯಿಗೆ ಇನ್ನೂ ಮುಕ್ಕಾಲು ನಿಮಿಷದ ಹಾದಿ. ಅಷ್ಟೇ. ಆ ಮುಕ್ಕಾಲು ನಿಮಿಷ ನಮ್ಮ ಲೆಕ್ಕದಲ್ಲಿ ಏಳೆಂಟು ತಲೆಮಾರು. ಅವರು ದಿಲ್ಲಿಯಲ್ಲಿ ಇಳಿದಾಗ ಅವರ ಹೆಸರು ಹಿಡಿದು ಕೂಗುವವರು ಯಾರೂ ಇರುವುದಿಲ್ಲ.

ಆದ್ದರಿಂದ ಅವಳನ್ನೇ ಕೇಳಬೇಕಾಯಿತು. ದಿಲ್ಲಿಯ ಕಚೇರಿಯವರು ಒಂದು ಪ್ರಶ್ನೆ ಬರೆದು ಕಳಿಸಿದರು. ಅದನ್ನು ಒಳಗಿನವರಿಗೆ ಕೇಳಿಸುವಷ್ಟು ನಿಧಾನವಾಗಿ ಕಳಿಸಲು ಒಬ್ಬರ ಆಯುಷ್ಯ ಸಾಲುತ್ತಿರಲಿಲ್ಲ. ಕೇಂದ್ರದ ನಿರ್ದೇಶಕರು ಪಟ್ನಾಯಕ್ ಎಂಬ ಒಡಿಶಾದವರು. ಕನ್ನಡ ಕಲಿತಿದ್ದರು, ಜೋಳದ ರೊಟ್ಟಿಯನ್ನೂ ಕಲಿತಿದ್ದರು. ಅವರು ಕಾಗದವನ್ನು ಮಡಚಿ ಜೇಬಿಗಿಟ್ಟು, "ಸುಗಲಾ, ನಿಮ್ಮ ಮನೆಯ ಮಾತಿನಲ್ಲಿ, ಎಷ್ಟು ಚಿಕ್ಕದಾಗಿ ಕೇಳಬಹುದು?" ಎಂದರು.

ಸುಗಲಾ ಯೋಚಿಸಿದಳು. ಪ್ರಶ್ನೆ ಚಿಕ್ಕದಿರಬೇಕು, ಅದಕ್ಕಿಂತ ಹೆಚ್ಚಾಗಿ ಉತ್ತರದ ಮೊದಲ ಅಕ್ಷರದಲ್ಲೇ ಅರ್ಥವಾಗಬೇಕು. ಮೈಕಿನ ಮುಂದೆ ಕೂತು ತಂಗಿಗೆ ಅಡುಗೆಮನೆಯಿಂದ ಕೇಳುವ ಹಾಗೆ ಕೇಳಿದಳು:

"ಬರ್ತ್ಯೋ, ಹೋಗ್ತ್ಯೋ?"

'ಬ' ಎಂದು ಶುರುವಾದರೆ ದಕ್ಷಿಣ, 'ಹೋ' ಎಂದು ಶುರುವಾದರೆ ಉತ್ತರ. ಪಟ್ನಾಯಕ್ ಅವರು ಎದ್ದು ನಿಂತು ಅವಳಿಗೆ ಕೈ ಮುಗಿದರು. ದಿಲ್ಲಿಯವರೂ ಮೆಚ್ಚಿ ಪತ್ರ ಬರೆದರು.

ಆ ನಾಲ್ಕು ಅಕ್ಷರ ಒಳಗೆ ಹೋಗಿ ಮುಟ್ಟಲು ನಾಲ್ಕು ವರ್ಷ ಹಿಡಿಯಿತು.

ಈ ನಡುವೆ ಬಸಲಿಂಗಮ್ಮ ಗುಡ್ಡದ ಮೇಲಿನ ಕ್ವಾರ್ಟರ್ಸಿಗೆ ಬಂದು ಮಗಳ ಜೊತೆಗೇ ಇದ್ದಳು. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತರೆ, ಅವಳ ಬೆನ್ನ ಹಿಂದಿನ ಗೋಡೆಯಾಚೆ ಯಂತ್ರಗಳು ಸಣ್ಣಗೆ ಗುಂಯ್ಗುಡುತ್ತಿದ್ದವು. ಮೊದಮೊದಲು ಪೂಜೆಗೆ ಭಂಗ ಎನಿಸಿತು. ಬರಬರುತ್ತ ಆ ಸದ್ದು ಕೇಳದಿದ್ದರೆ ಮನಸ್ಸು ನಿಲ್ಲದಂತಾಯಿತು. ತನ್ನ ಮಗಳ ಪ್ರಾಣ ಇರುವ ಕಡೆಯಿಂದ ಬರುವ ಸದ್ದು ಅದು. ಸತ್ತವರಿಗೆ ಸಮಾಧಿಯಿದೆ, ದೂರ ಹೋದವರಿಗೆ ಫೋನಿದೆ. ಇವಳಿಗೆ ಈ ಗುಂಯ್ಗುಡುವುದೊಂದೇ.

ಆ ವಿಮಾನದಲ್ಲಿದ್ದ ಇಲಿಯಾಸ್ ಎಂಬ ಹುಡುಗನ ತಂದೆ ಕರೀಮುಲ್ಲಾ ಸಾಬರು ಯಾದಗಿರಿಯಲ್ಲಿ ಬಳೆ ಅಂಗಡಿ ಇಟ್ಟವರು. ಶುಕ್ರವಾರದ ನಮಾಜು ಮುಗಿಸಿ ಬಸ್ಸು ಹತ್ತಿ ಗುಡ್ಡಕ್ಕೆ ಬಂದು, ಬಸಲಿಂಗಮ್ಮನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದರು.

"ಅಕ್ಕಾ, ನನ್ನ ಮಗನಿಗಿ ಈಗ ಎಷ್ಟು ವಯಸ್ಸು ಅಂತ ಹೇಳಬೇಕ್ರಿ? ನಿನ್ನಿ ಯಾರೋ ಕೇಳಿದ್ರು."

"ಹೋದಾಗ ಎಷ್ಟಿತ್ತೋ ಅಷ್ಟೇ ಹೇಳ್ರಿ ಸಾಬ್ರೇ."

"ಹಂಗಾದ್ರ ಅವನ ತಮ್ಮ ಈಗ ಅವನಿಗಿಂತ ದೊಡ್ಡಾಂವ ಆದ. ಬಂದ ಮ್ಯಾಲ ಯಾರು ಯಾರಿಗಿ ಅಣ್ಣಾ ಅನ್ನಬೇಕು ಅಂತ ಜಗಳ ಆಗ್ತದ ನೋಡ್ರಿ ಮನ್ಯಾಗ."

ಇಬ್ಬರೂ ನಕ್ಕರು.

ಒಳಗಿನಿಂದ ಬರುವ ಸದ್ದನ್ನು ವರ್ಷವಿಡೀ ಹಿಡಿದಿಟ್ಟು, ಒತ್ತಿ ಚಿಕ್ಕದು ಮಾಡಿ, ವರ್ಷಕ್ಕೊಮ್ಮೆ ಕೇಳಿಸುತ್ತಿದ್ದರು. ಬಸಲಿಂಗಮ್ಮನ ಮಾತಿಗೆ ಒಪ್ಪಿ ಶ್ರಾವಣದ ಕಡೆಯ ಸೋಮವಾರವನ್ನೇ ಅದಕ್ಕೆ ಇಟ್ಟುಕೊಂಡರು. ಪ್ರಶ್ನೆ ಮುಟ್ಟಿದ ಮೇಲೆ ಎರಡು ಶ್ರಾವಣ ಬರೀ ಗಾಳಿಯ ಸದ್ದು ಕೇಳಿಸಿತು.

"ಯಂತ್ರದ ತೊಂದರೆ," ಎಂದರು ಪಟ್ನಾಯಕ್.

"ಅಲ್ರಿ," ಎಂದಳು ಸುಗಲಾ. "ಉಸಿರು ಎಳ್ಕೊಳ್ಳಾಕತ್ಯಾಳ. ಮಾತಾಡೂಕ್ಕಿಂತ ಮೊದಲಿನ ಉಸಿರು."

ಮೂರನೆಯ ಶ್ರಾವಣದಲ್ಲಿ ತುಟಿ ಬಿಚ್ಚಿದ ಸದ್ದು ಬಂತು. ಬ.

ಆ ದಿನ ಗುಡ್ಡವೆಲ್ಲ ಹಬ್ಬ. ಕರೀಮುಲ್ಲಾ ಸಾಬರು ಪೇಡೆ ತಂದು ಕಾವಲುಗಾರರ ಬಾಯಿಗೂ ತುರುಕಿದರು. ಬಸಲಿಂಗಮ್ಮ ಎರಡೂ ಕೈ ಎತ್ತಿ ಆಕಾಶಕ್ಕೆ ಮುಗಿದಳು. ಸುದ್ದಿ ದಿಲ್ಲಿಗೆ ಹೋಯಿತು, ದಿಲ್ಲಿಯಿಂದ ಆಜ್ಞೆ ಬಂತು. ಉತ್ತರ ಸಿಕ್ಕಿದೆ, ನಾಳೆ ಮುಂಜಾನೆ ದಕ್ಷಿಣದ ಬಾಯಿ ತೆರೆಯಿರಿ.

ಪೇಡೆ ಹಂಚಿ ಮುಗಿದ ಮೇಲೆ ಸಾಬರು ಕಟ್ಟೆಯಿಂದ ಎದ್ದು ಚಪ್ಪಲಿ ಮೆಟ್ಟಿದರು. ಸಂಜೆಯ ಬಸ್ಸಿನ ಹೊತ್ತಾಗಿತ್ತು. ಸುಗಲಾ ಒಳಗೆ ಹಂಚಿನ ಮೇಲೆ ರೊಟ್ಟಿ ತಿರುವುತ್ತಿದ್ದಳು.

"ಬರ್ತೀನಕ್ಕಾ," ಎಂದು ಕೂಗಿ ಹೇಳಿ ಸಾಬರು ಗುಡ್ಡ ಇಳಿಯತೊಡಗಿದರು.

ರೊಟ್ಟಿ ಹಂಚಿನ ಮೇಲೆಯೇ ಸೀದುಹೋಯಿತು. ಸುಗಲಾ ಬಾಗಿಲಿಗೆ ಬಂದು ನಿಂತು, ಬರ್ತೀನಿ ಎಂದವರ ಬೆನ್ನು ಬಂಡೆಗಳ ನಡುವೆ ಸಣ್ಣದಾಗುತ್ತ ಹೋಗುವುದನ್ನು ನೋಡಿದಳು. ಹಿಟ್ಟಿನ ಕೈಯಲ್ಲೇ ನಿಯಂತ್ರಣ ಕೋಣೆಗೆ ಓಡಿದಳು.

"ಸರ್, ನಾಳೆ ತೆರೀಬ್ಯಾಡ್ರಿ. ನಮ್ಮ ಮನ್ಯಾಗ ಹೋಗಾವ್ರು ಯಾರೂ ಹೋಗ್ತೀನಿ ಅನ್ನಂಗಿಲ್ಲ. ಹೋಗ್ತೀನಿ ಅಂದ್ರ ಕೆಟ್ಟದ್ದು. ಹೋಗಾವ್ರೂ ಬರ್ತೀನಿ ಅಂತಾರ, ಬರಾವ್ರೂ ಬರ್ತೀನಿ ಅಂತಾರ. ಎಂಥಾ ಪ್ರಶ್ನಿ ಕೇಳಿದೆ ನಾನು!"

ಪಟ್ನಾಯಕ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮ ಮನೆಯಲ್ಲಿಯೂ ಹಾಗೆಯೇ. ಊರು ಬಿಟ್ಟು ಹೊರಡುವಾಗ ತಾಯಿಗೆ 'ಆಸುಛಿ' ಎಂದು ಹೇಳಿ ಬಂದೆ. ಬರುತ್ತೇನೆ ಅಂತಲೇ ಅದರ ಅರ್ಥ. ನನಗೂ ಹೊಳೆಯಲಿಲ್ಲವಲ್ಲ."

ಮನೆಯ ಹೊಸ್ತಿಲಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಅದನ್ನು ಕಚೇರಿಯ ಹೊಸ್ತಿಲು ದಾಟಿಸಿ ತಂದವರು ಒಬ್ಬರೂ ಇರಲಿಲ್ಲ.

ದಿಲ್ಲಿಯವರಿಗೆ ಇದನ್ನು ತಿಳಿಸಿ ಹೇಳುವುದರಲ್ಲಿ ಪಟ್ನಾಯಕ್ ಹಣ್ಣಾದರು. ಒಂದು ಅಕ್ಷರ ಬಂದಿದೆ, ಅದರ ಅರ್ಥ ಬರುತ್ತೇನೆ, ಮತ್ತೇನು ಬೇಕು ಎಂದು ಅವರ ವಾದ. ಕಡೆಗೆ ಇಡೀ ಮಾತು ಮುಗಿಯುವವರೆಗೆ ಕಾಯಲು ಒಪ್ಪಿಸಿದ್ದು, ಆ ಕಚೇರಿಯ ಹಿರಿಯ ಅಧಿಕಾರಿಯ ಪತ್ನಿ ಮರಾಠಿಯವಳು ಎಂಬ ಒಂದೇ ಕಾರಣಕ್ಕಂತೆ. ಆಕೆಯೂ ತವರಿಂದ ಹೊರಡುವಾಗ ಬರುತ್ತೇನೆ ಎಂದೇ ಹೇಳಿ ಬಂದವಳು.

ಹೀಗೆ ಒಂದೇ ಒಂದು ಮಾತಿಗಾಗಿ ಗುಡ್ಡ ಕಾಯತೊಡಗಿತು. ಮುಂದಿನ ಶ್ರಾವಣಕ್ಕೆ 'ಬರ್' ಆಯಿತು. ಅದರ ಮುಂದಿನದಕ್ಕೆ 'ಬರ್ತೀ'. ಸುಗಲಾಳ ಬೈತಲೆಯಲ್ಲಿ ಬೆಳ್ಳಿ ಗೆರೆ ಮೂಡಿತು. ಅವಳು ಕನ್ನಡಿ ನೋಡಿಕೊಂಡಾಗಲೆಲ್ಲ ತಂಗಿ ನೆನಪಾಗುತ್ತಿದ್ದಳು. ಮೂವತ್ತಕ್ಕೆ ನಿಂತ ಮುಖ, ಅರ್ಧ ತೆರೆದ ಬಾಯಿ, ನಾಲಿಗೆಯ ತುದಿಯಲ್ಲಿ ನಿಂತ ಅಕ್ಷರ. ಎಲ್ಲ ಕೆಲಸದ ನಡುವೆಯೂ, ಅನ್ನ ಬಸಿಯುವಾಗಲೂ, ಯಾರೋ ತನ್ನ ಕಡೆ ತಿರುಗಿ ಏನೋ ಹೇಳುತ್ತಿದ್ದಾರೆ, ಇನ್ನೂ ಹೇಳುತ್ತಲೇ ಇದ್ದಾರೆ ಎಂಬ ಭಾವ ಅವಳನ್ನು ಬಿಡಲಿಲ್ಲ.

ಅವಳೂ ಪಟ್ನಾಯಕರೂ ಲೆಕ್ಕ ಹಾಕಿದ್ದರು. ಬರುತ್ತೇನೆ ಎಂಬ ಬರಿಯ ಉತ್ತರವಾದರೆ 'ಬರ್ತೀನಿ' ಎಂದು ಮುಗಿಯುತ್ತದೆ. ಬೀಳ್ಕೊಳ್ಳುವ ಮಾತಾದರೆ ಯಾರನ್ನಾದರೂ ಕರೆದು ಹೇಳುತ್ತಾರೆ. ಆಗ 'ಬರ್ತೀನ' ಎಂದು 'ನ' ಬರುತ್ತದೆ; ಅವಳು ತಿರುಗಿ ಬರುವುದಾದರೆ 'ನಿ' ಬರಬೇಕು. 'ನಿ' ಬರಲಿ ಎಂದು ಬಸಲಿಂಗಮ್ಮ ಮುಂಜಾನೆಯ ಪೂಜೆಯಲ್ಲಿ ಬೇಡಿದಳು. ಕರೀಮುಲ್ಲಾ ಸಾಬರು ಗೋಗಿಯ ದರ್ಗಾಕ್ಕೆ ಹೋಗಿ ಚಾದರ ಹೊದಿಸಿ ಬಂದರು. ಅಲ್ಲಿಯ ಮೌಲಾನಾ ಸಾಹೇಬರಿಗೆ ಏನು ಹರಕೆ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲವಂತೆ. "ಒಂದು 'ನಿ'ಯ ಗುಡಿಸಿಗಾಗಿ ಅಂದ್ರ ನಗತಾರಲ್ಲಕ್ಕಾ!"

ಬಂದದ್ದು 'ನ'.

ಬರ್ತೀನ. ಇನ್ನು ಮುಂದೆ 'ಕ್ಕಾ' ಇರಬಹುದು, 'ವ್ವಾ' ಇರಬಹುದು. ಆ ವರ್ಷ ಸುಗಲಾ ಅವ್ವನ ಮುಖ ನೋಡಿ ಸರಿಯಾಗಿ ಮಾತಾಡಲಿಲ್ಲ. ಕೇಳಿದವಳು ತಾನು. ಕೇಳಿದವಳಿಗೇ ಉತ್ತರ ಕೊಡುವುದಾದರೆ 'ಬರ್ತೀನಕ್ಕಾ' ಎನ್ನಬೇಕು. 'ಕ್ಕಾ' ಬಂದರೆ ಅದು ಉತ್ತರ, ಮಹಾನಂದಾ ತಿರುಗಿ ಬರುತ್ತಿದ್ದಾಳೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಅವ್ವನ ಹೆಸರು ತಂಗಿಯ ಬಾಯಲ್ಲಿ ಬಾರದಿರಲಿ ಎಂದು ಬೇಡಿಕೊಳ್ಳಬೇಕಾಗಿ ಬಂದದ್ದಕ್ಕೆ ಅವಳಿಗೆ ನಾಚಿಕೆಯೂ ಆಗುತ್ತಿತ್ತು.

ಆ ಶ್ರಾವಣದ ಸೋಮವಾರ ಬಿಸಿಲು ಚೆನ್ನಾಗಿತ್ತು. ನಿಯಂತ್ರಣ ಕೋಣೆಯಲ್ಲಿ ನಾಲ್ಕು ಜನ. ಪಟ್ನಾಯಕ್ ಅವರು ನಿವೃತ್ತರಾಗಿದ್ದರೂ ಭುವನೇಶ್ವರದಿಂದ ಬಂದಿದ್ದರು. ಸುಗಲಾ ಗುಂಡಿ ಒತ್ತಿದಳು. ಮೊದಲು ಆ ಉಸಿರು. ಆಮೇಲೆ, ಇಷ್ಟು ವರ್ಷಗಳ ನಂತರ ಮೊದಲ ಸಲ, ಮಹಾನಂದಾಳ ದನಿ ಇಡಿಯಾಗಿ ಕೋಣೆಯೊಳಗೆ ಬಂದು ನಿಂತಿತು.

"ಬರ್ತೀನವ್ವಾ."

ಗಾಬರಿಯಿಲ್ಲದ ದನಿ. ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದಂತೆ ಇತ್ತು.

ಸುಗಲಾಳೇ ಮೊದಲು ಮಾತಾಡಿದಳು, ಅವಸರದಲ್ಲಿ. "ಇದು ಉತ್ತರನೂ ಆಗಬಹುದಲ್ಲ ಯವ್ವಾ? ನಿನ್ನ ನೆನಸಿಕೊಂಡು, ಬರ್ತೀನವ್ವಾ ಅಂತ, ಬರಾಕತ್ತೀನಿ ಅಂತ ಹೇಳಿರಬಹುದಲ್ಲ? ಸರ್, ಹೇಳ್ರಲ್ಲ. ಆಗಬಹುದಲ್ರಿ?"

ಪಟ್ನಾಯಕ್ ತಲೆ ತಗ್ಗಿಸಿದರು. "ಆಗಬಹುದು. ನಾನು ಇಲ್ಲ ಎನ್ನಲಾರೆ."

ಎಲ್ಲರೂ ಬಸಲಿಂಗಮ್ಮನ ಕಡೆ ನೋಡಿದರು. ಹೌದು ಎಂದು ಒಂದು ಮಾತು ಅವಳು ಅಂದಿದ್ದರೆ ಸುಗಲಾ ದಕ್ಷಿಣದ ಬಾಯಿಯನ್ನೇ ತೆರೆಯುತ್ತಿದ್ದಳು. ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು, ಕೊರಳಿನ ಲಿಂಗವನ್ನು ಒಮ್ಮೆ ಹಿಡಿದು ಬಿಟ್ಟಳು.

"ಮನಿಗಿ ಬರಾಕಿ ಬರ್ತೀನಿ ಅಂತ ಅವ್ವಗ ಯಾವಾಗ ಹೇಳ್ಯಾಳ? ಸೀದಾ ಒಳಗ ಬಂದು, ಹಸಿವ್ಯಾಗ್ಯಾದ, ಏನದ ಅಂತಾಳ. ಅವ್ವಗ ಹೇಳಾಕಿ ಹೊಂಟಾಕಿನೇ." ಅವಳು ಸುಗಲಾಳ ಕಡೆ ತಿರುಗಿದಳು. "ನೀ ಕೇಳಿದಿ, ಆದ್ರ ಆಕಿ ನನಗ ಹೇಳಿದ್ಳು. ಹೊಂಟಾಳ ಸುಗಲಾ. ಆಕಿ ಹಾದಿ ಕಟ್ಟಬ್ಯಾಡ."

ಸುಗಲಾ ಕರೀಮುಲ್ಲಾ ಸಾಬರ ಕಡೆ ನೋಡಿದಳು. ಅವರ ಮಗನೂ ಒಳಗಿದ್ದ. ಸಾಬರ ಗಡ್ಡ ಒದ್ದೆಯಾಗಿತ್ತು.

"ಅಕ್ಕಾ, ಅಲ್ಲಿ ಅಷ್ಟು ವರ್ಷದ ಮ್ಯಾಲ ಅವರನ್ನ ಇಳಿಸಿಕೊಳ್ಳಾಕ ಯಾರಿರ್ತಾರ್ರಿ?"

"ನಮ್ಮಂಥಾವ್ರೇ ಯಾರರೇ ಇರ್ತಾರ ಸಾಬ್ರೇ. ದೇವರು ಬರೀ ನಮ್ಮ ಕಾಲಕ್ಕಷ್ಟೇ ಮನುಷ್ಯಾರನ್ನ ಮಾಡ್ಯಾನೇನು?"

ಸಾಬರು ತಲೆಯಾಡಿಸಿದರು. "ತೆರೀರಿ ತಾಯಿ. ಬದುಕಿರ್ತಾನಲ್ಲ. ನಾ ಇರಂಗಿಲ್ಲ, ಅಷ್ಟೇ."

ಸುಗಲಾ ಉತ್ತರದ ಬಾಯಿಯ ಹಿಡಿಕೆಯನ್ನು ಎರಡೂ ಕೈಯಿಂದ ಎಳೆದಳು. ಏನೂ ಆಗಲಿಲ್ಲ. ಗುಡುಗಲಿಲ್ಲ, ಬೆಳಕು ಬೀಳಲಿಲ್ಲ. ಗೋಡೆಯ ಮೇಲೆ ಒಂದು ಹಸಿರು ದೀಪ ಹೊತ್ತಿಕೊಂಡಿತು, ಒಂದು ಕೆಂಪು ದೀಪ ಆರಿತು. ಕಿಟಕಿಯ ಹೊರಗೆ ಬಂಡೆಯ ಮೇಲೆ ಒಂದು ಓತಿಕ್ಯಾತ ತಲೆ ಕುಣಿಸುತ್ತಿತ್ತು. ಸುಗಲಾ ಹಿಡಿಕೆಗೆ ಹಣೆ ಹಚ್ಚಿ ಕೂತಳು. ಪಟ್ನಾಯಕ್ ಅವಳ ತಲೆಯ ಮೇಲೆ ಕೈಯಿಟ್ಟರು.

ಆಮೇಲೆ ಬಸಲಿಂಗಮ್ಮ ಎದ್ದಳು. "ಮಾತಾಡೂದು ಎಲ್ಲದ? ಆಕಿ ಹೇಳ್ಯಾಳ. ನಾ ತಿರುಗಿ ಹೇಳಬ್ಯಾಡೇನು?"

"ಯವ್ವಾ, ಅದು ಮುಟ್ಟಾಕ ವರ್ಷಗಟ್ಟಲೆ ಆಗ್ತದ. ಮುಟ್ಟೂದರೊಳಗ..." ಸುಗಲಾ ಮಾತು ನುಂಗಿದಳು.

"ನಾ ಇರ್ತೀನೋ ಇಲ್ಲೋ ಅಂತೀಯಲ್ಲ? ಮಾತು ಇರ್ತದಲ್ಲ. ಹಚ್ಚು."

ಸಾಬರು ಮೆಲ್ಲಗೆ ಅಂದರು: "ಅಕ್ಕಾ, ನಮ್ಮ ಇಲಿಯಾಸನಿಗೂ ಸೇರಿಸಿ ಹೇಳ್ರಿ."

ಬಸಲಿಂಗಮ್ಮ ಮೈಕಿನ ಮುಂದೆ, ಹೊಸ್ತಿಲಲ್ಲಿ ನಿಂತ ಹಾಗೆ ನಿಂತಳು. ಹೆತ್ತ ಮಗಳನ್ನು ಎಂದೂ ಬಹುವಚನದಲ್ಲಿ ಕರೆದವಳಲ್ಲ. ಅಂದು ಒಳಗಿದ್ದ ಅಷ್ಟೂ ಜನರ ತಾಯಿಯಾಗಿ ಹೇಳಿದಳು:

"ಹೋಗಿ ಬರ್ರಿ."

ಮೊದಲ ವರ್ಷ 'ಹೋ' ಹೋಯಿತು. ಎರಡನೆಯ ವರ್ಷ 'ಗಿ'. ಮೂರನೆಯ ವರ್ಷದ ಚಳಿಗಾಲದಲ್ಲಿ ಒಂದು ಮುಂಜಾನೆ ಬಸಲಿಂಗಮ್ಮ ಪೂಜೆಗೆ ಕೂತಲ್ಲೇ ಲಿಂಗೈಕ್ಯಳಾದಳು. ಗುಡ್ಡದ ಬುಡದಲ್ಲಿ, ತೊರೆಯ ದಂಡೆಯಲ್ಲಿ ಸಮಾಧಿ ಮಾಡಿದರು. ಕರೀಮುಲ್ಲಾ ಸಾಬರು ಒಂದು ಹಿಡಿ ಮಣ್ಣು ಹಾಕಿದರು.

ಈಗ ಸಮಾಧಿಯ ಮೇಲೆ ಹುಲ್ಲು ಬಂದಿದೆ. ಗುಡ್ಡದ ಮೇಲೆ ಯಂತ್ರಗಳು ಸಣ್ಣಗೆ ಗುಂಯ್ಗುಡುತ್ತಿವೆ. ಅಲ್ಲಿ ಬಸಲಿಂಗಮ್ಮ ಬರ್ರಿ ಎನ್ನುತ್ತಿದ್ದಾಳೆ, ಇನ್ನೂ ಹೇಳಿ ಮುಗಿದಿಲ್ಲ.